ಪ್ಲೇಟಿನ ದನಿಯನ್ನು ಅಂಕೆಗೆ ಇಳಿಸುವ ಬಗೆ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ನಾವು ತರಗತಿಯಲ್ಲಿ ವಿಸ್ತರಿಸಿ ಬರೆಯಲು ಕೊಡುತ್ತೇವೆ. ಆಡಿದ ಮಾತನ್ನು ಹಿಡಿದಿಟ್ಟುಕೊಂಡು, ಕೈ ಜಾರಿದರೆ ಮುತ್ತಿನಂತೆ ಒಡೆದುಹೋಗುವ ವಸ್ತುವೊಂದಿದೆ. ಅದೇ ಗ್ರಾಮಾಫೋನಿನ ಪ್ಲೇಟು. ಗಾದೆಯ ಎರಡೂ ಪಾದಗಳ ಅರ್ಥವು ಕಳೆದ ವರ್ಷ ನಮಗೆ ಒಟ್ಟಿಗೇ ಆಯಿತು. ಆ ಅನುಭವದಿಂದ ಕಲಿತದ್ದನ್ನು ವಿದ್ಯಾರ್ಥಿಗಳಿಗೂ ಅವರ ತಂದೆ-ತಾಯಿಗಳಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಕನ್ನಡ ಮೇಷ್ಟರಿಗೂ ವಿದ್ಯುತ್ ಯಂತ್ರಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ನಾವು ಒಂದು ಭಾಷೆಯಲ್ಲಿ ಕಾವ್ಯವನ್ನೂ ಇನ್ನೊಂದು ಭಾಷೆಯಲ್ಲಿ ವಿಜ್ಞಾನವನ್ನೂ ಓದಿ ಬೆಳೆದವರು. ಗಡಿಯಲ್ಲಿರುವವರಿಗೆ ಇದು ಹೊಸದಲ್ಲ. ದನಿಯನ್ನು ಗುರುತುಗಳಾಗಿ ಬರೆದಿಡುವುದೇ ಲಿಪಿಯ ಕೆಲಸ. ಇಲ್ಲಿ ಹೇಳಹೊರಟಿರುವ ಯಂತ್ರದ ಕೆಲಸವೂ ಅದೇ. ಆದ್ದರಿಂದ ಇದನ್ನು ಭಾಷೆಯ ಪಾಠವೆಂದೇ ತಿಳಿಯಿರಿ.

ಇಪ್ಪತ್ತಮೂರು ಪ್ಲೇಟುಗಳು

ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ಮುತ್ಯಾ ಹಿಂದೆ ಮೈಕ್ ಸೆಟ್ ಇಟ್ಟುಕೊಂಡಿದ್ದವರು. ಮದುವೆ, ಜಾತ್ರೆ, ಉರುಸು, ನಾಟಕ ಎಲ್ಲಿದ್ದರೂ ಚಕ್ಕಡಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಹೋಗುತ್ತಿದ್ದರು. ಅವರ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕಿನಲ್ಲಿ ಇಪ್ಪತ್ತಮೂರು ಪ್ಲೇಟುಗಳೂ, ಸೂಟ್‌ಕೇಸಿನಾಕಾರದ ಒಂದು ಪ್ಲೇಯರೂ ಇದ್ದವು. ಹುಡುಗ ಒಂದು ದಿನ ಅವನ್ನು ಶಾಲೆಗೆ ತಂದನು. ಹಿಂದೆಯೇ ಮುತ್ಯಾ ಬಂದರು. “ಗುರುಗಳೆ, ಇದರಾಗಿನ ಹಾಡು ಫೋನಿನ್ಯಾಗ ಬರೂ ಹಂಗ ಮಾಡ್ತೀರೇನ್ರಿ? ನಾ ಇರೂತನಕ ಒಮ್ಮೆ ಕೇಳಬೇಕಾಗೇದ” ಎಂದರು.

ನಾವು ಉತ್ಸಾಹದಿಂದ ಒಪ್ಪಿಕೊಂಡೆವು. ಅದರಲ್ಲಿ ಏನು ಕಷ್ಟ? ಪ್ಲೇಯರಿನ ಸ್ಪೀಕರಿಗೆ ಹೋಗುವ ಕಿಂಡಿಯಿಂದ ಒಂದು ತಂತಿಯನ್ನು ಎಳೆದು ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ಚುಚ್ಚಿದೆವು. ಮೊದಲು ಆರಿಸಿದ್ದು ಮುತ್ಯಾ ಎಲ್ಲಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದ ನಾಟಕದ ಹಾಡಿನ ಪ್ಲೇಟು. ಲೇಬಲ್ಲು ಸವೆದು ಹಾಡಿದವರ ಹೆಸರೂ ಅಳಿಸಿಹೋಗಿತ್ತು. ಎರಡೂ ಮಗ್ಗುಲನ್ನು ಮುದ್ರಿಸಿಕೊಂಡೆವು. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಲ್ಲಿ ಕೇಳಿ ‘ಬಂದಿದೆ’ ಎಂದು ಸಂತೋಷಪಟ್ಟೆವು. ಪ್ಲೇಟನ್ನು ಹಿಂದಿರುಗಿಸಲು ಬಸ್ಸಿನಲ್ಲಿ ಒಯ್ಯುವಾಗ ನಮ್ಮ ಕೈಚೀಲದ ಮೇಲೆ ಯಾರದೋ ಜೋಳದ ಚೀಲ ಬಿತ್ತು. ಪ್ಲೇಟು ನಾಲ್ಕು ಹೋಳಾಯಿತು.

ಆ ಸಂಜೆ ಮುದ್ರಿಸಿದ್ದನ್ನು ಒಳ್ಳೆಯ ಸ್ಪೀಕರಿನಲ್ಲಿ ಹಾಕಿ ಕೇಳಿದಾಗ ಎರಡನೆಯ ಪೆಟ್ಟು ಬಿತ್ತು. ಹಾಡುಗಾರನು ದನಿ ಎತ್ತಿದಲ್ಲೆಲ್ಲ ಕರಕರ ಸದ್ದು. ಮೆಲ್ಲಗೆ ಹಾಡಿದಲ್ಲಿ ಹಿನ್ನೆಲೆಯ ಗೊರಗೊರ ತಾನಾಗಿ ಮೇಲೇಳುತ್ತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ನೋಡಿದರೆ ದನಿಯ ಅಲೆಗಳ ನೆತ್ತಿಗಳೆಲ್ಲ ಕತ್ತರಿಯಿಂದ ಕತ್ತರಿಸಿದಂತೆ ಚಪ್ಪಟೆಯಾಗಿದ್ದವು. ಮೂಲವೂ ಉಳಿಯಲಿಲ್ಲ, ನಕಲೂ ಸರಿಯಾಗಲಿಲ್ಲ.

ಮುತ್ಯಾ ಹೋಳುಗಳನ್ನು ಅರಿವೆಯಲ್ಲಿ ಸುತ್ತಿ ಇಟ್ಟುಕೊಂಡರು. “ಹೋಗಲಿ ಬಿಡ್ರಿ. ಇನ್ನಾ ಇಪ್ಪತ್ತೆರಡು ಅವ. ಅವನ್ನರ ಬರೋಬರಿ ಮಾಡ್ರಿ” ಎಂದರು. ಅವರು ಸಿಟ್ಟಾಗಿದ್ದರೆ ನಮಗೆ ಇಷ್ಟು ಹತ್ತುತ್ತಿರಲಿಲ್ಲ. ಇನ್ನುಳಿದ ಪ್ಲೇಟುಗಳನ್ನು ಮುಟ್ಟುವ ಮೊದಲು, ದನಿಯನ್ನು ಅಂಕೆಯಾಗಿಸುವ ಯಂತ್ರವನ್ನು ಹೇಗೆ ಆರಿಸಬೇಕೆಂದು ವಿದ್ಯಾರ್ಥಿಗಳೊಡನೆ ಕುಳಿತು ಕಲಿಯುವುದೆಂದು ನಿಶ್ಚಯಿಸಿದೆವು.

ಪ್ಲೇಟುಗಳ ಕಥೆ

ನಮ್ಮ ದೇಶದಲ್ಲಿ ಪ್ಲೇಟುಗಳಿಗಾಗಿ ಮುದ್ರಣ ನಡೆದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಲಂಡನ್ನಿನ ಗ್ರಾಮಾಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬವರು ಬಂದಿದ್ದರು. ಅವರ ಮುಂದೆ ಹಾಡಿದವರಲ್ಲಿ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಒಬ್ಬರು. ಆಕೆ 1928ರಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಮುಂದೆ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ ಮೊದಲಾದ ನಮ್ಮ ಕಡೆಯ ಗಾಯಕರ ದನಿಯೂ ಪ್ಲೇಟಿನ ಮೂಲಕ ಮನೆಮನೆಗೆ ಬಂದಿತು. ಮೈಸೂರಿನ ಜಯಚಾಮರಾಜ ಒಡೆಯರು ರಷ್ಯದ ಸಂಗೀತಕಾರ ಮೆಟ್ನರನ ಕೃತಿಗಳನ್ನು ಲಂಡನ್ನಿನಲ್ಲಿ ಪ್ಲೇಟುಗಳಾಗಿ ಮುದ್ರಿಸಲು ಹಣ ಒದಗಿಸಿದ್ದನ್ನು ಸಂಗೀತ ಬಲ್ಲವರು ಇಂದಿಗೂ ನೆನೆಯುತ್ತಾರೆ.

ಪ್ಲೇಟುಗಳಿಗೆ ಗಡಿಯೆಂಬುದಿರಲಿಲ್ಲ. 1956ರ ನವೆಂಬರ್ 1ರ ವರೆಗೆ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಲ್ಲಿಯೂ, ಕೊಡಂಗಲ್ ತಾಲೂಕು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಅತ್ತ ಉಳಿಯದೆ ಆಂಧ್ರಪ್ರದೇಶಕ್ಕೆ ಸೇರಿದವು, 2014ರಲ್ಲಿ ತೆಲಂಗಾಣಕ್ಕೆ ಬಂದವು. ಮದ್ದೂರು ಎಂದೊಡನೆ ‘ವಡೆಯ ಊರೇ?’ ಎಂದು ಕೇಳುವವರಿಗೆ, ಇನ್ನೊಂದು ಮದ್ದೂರೂ ಇದೆ, ಅಲ್ಲಿಯೂ ಕನ್ನಡದ ಹಾಡು ಕೇಳುವವರಿದ್ದರು ಎಂದು ಹೇಳಲು ಇಂಥ ಟ್ರಂಕುಗಳೇ ಸಾಕ್ಷಿ. ಬೆಂಗಳೂರಿನಲ್ಲಿ ಇತಿಹಾಸಕಾರ ವಿಕ್ರಮ್ ಸಂಪತ್ ಅವರು ಸ್ಥಾಪಿಸಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಎಂಬ ಸಂಸ್ಥೆ ಹಳೆಯ ಪ್ಲೇಟುಗಳನ್ನು ಅಂಕೆಗಿಳಿಸಿ ಎಲ್ಲರಿಗೂ ಕೇಳಲು ದೊರಕಿಸುವ ಕೆಲಸ ಮಾಡಿದೆ. ಆದರೆ ಪ್ರತಿ ಹಳ್ಳಿಯ ಅಟ್ಟಕ್ಕೂ ದೊಡ್ಡ ಸಂಸ್ಥೆ ಬಂದು ಹತ್ತಲಾರದು. ಅದನ್ನು ಹತ್ತಬೇಕಾದವರು ನಾವೇ.

ಪ್ಲೇಟಿನಲ್ಲಿ ದನಿ ಎಲ್ಲಿದೆ?

ದನಿಯೆಂದರೆ ಗಾಳಿಯ ಕಂಪನ. ಆ ಕಂಪನದಂತೆಯೇ ಬಳುಕುವ ಒಂದು ಗೆರೆಯನ್ನು ಪ್ಲೇಟಿನ ಮೇಲೆ ಸುರುಳಿಯಾಗಿ ಕೊರೆದಿರುತ್ತಾರೆ. ಸೂಜಿ ಆ ಗೆರೆಯಲ್ಲಿ ಸಾಗುವಾಗ ತಾನೂ ಬಳುಕುತ್ತದೆ. ಸೂಜಿಯನ್ನು ಹಿಡಿದಿರುವ ಸಣ್ಣ ಡಬ್ಬಿಗೆ ಕಾರ್ಟ್ರಿಜ್ ಎನ್ನುತ್ತಾರೆ. ಅದು ಬಳುಕನ್ನು ವಿದ್ಯುತ್ತಾಗಿ ಮಾಡುತ್ತದೆ. ದನಿ ಏರಿದಂತೆ ವಿದ್ಯುತ್ತೂ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಎಲ್ಲಿಯೂ ಕಡಿಯದೆ ಹರಿಯುವ ಇಂಥ ರೂಪಕ್ಕೆ ಅನಲಾಗ್ ಎಂದು ಹೆಸರು.

ಹಳೆಯ ಪ್ಲೇಟುಗಳು ಅರಗಿನಿಂದ ಮಾಡಿದವು. ನಿಮಿಷಕ್ಕೆ 78 ಸುತ್ತು ತಿರುಗುತ್ತವೆ. ಹತ್ತಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ, ನಿಮಿಷಕ್ಕೆ 33⅓ ಸುತ್ತಿನ ಎಲ್.ಪಿ. ಪ್ಲೇಟನ್ನು ಹೊರತಂದಿತು. ಅದರ ಗೆರೆ ಬಹಳ ಸಣ್ಣದು. 78 ಸುತ್ತಿನ ಪ್ಲೇಟಿನ ಸೂಜಿಯ ತುದಿ ಎಲ್.ಪಿ. ಸೂಜಿಗಿಂತ ಸುಮಾರು ಮೂರು ಪಟ್ಟು ದಪ್ಪ. ಎಲ್.ಪಿ. ಸೂಜಿಯನ್ನು ಹಳೆಯ ಪ್ಲೇಟಿಗೆ ಹಚ್ಚಿದರೆ ಅದು ಗೆರೆಯ ತಳಕ್ಕೆ ಬಿದ್ದು ಧೂಳನ್ನು ಕೆರೆಯುತ್ತದೆಯೇ ಹೊರತು ದಡದಲ್ಲಿರುವ ದನಿಯನ್ನು ಹಿಡಿಯುವುದಿಲ್ಲ. ಪರಿವರ್ತಕ ಎಷ್ಟೇ ಒಳ್ಳೆಯದಿರಲಿ, ಸೂಜಿ ತಪ್ಪಾದರೆ ಎಲ್ಲವೂ ತಪ್ಪು. ಆದ್ದರಿಂದ ನಾವು ಮೊದಲ ಹಣವನ್ನು ಹೊಸ ಸೂಜಿಗೆ ಖರ್ಚು ಮಾಡಿದೆವು.

ಅಲೆ ಅಂಕೆಯಾಗುವುದು ಹೇಗೆ?

ಕಂಪ್ಯೂಟರಿಗೆ ಹರಿಯುವ ವಿದ್ಯುತ್ತಿನ ಏರಿಳಿತ ತಿಳಿಯದು, ಅಂಕೆ ಮಾತ್ರ ತಿಳಿಯುತ್ತದೆ. ಹರಿಯುವುದನ್ನು ಅಂಕೆಗಳ ಸಾಲಾಗಿ ಬರೆಯುವ ಯಂತ್ರವೇ ಅನಲಾಗ್-ಡಿಜಿಟಲ್ ಪರಿವರ್ತಕ. ಅದು ಎರಡು ಕೆಲಸ ಮಾಡುತ್ತದೆ.

ಮೊದಲನೆಯದು, ಗೊತ್ತಾದ ಕಾಲಕ್ಕೊಮ್ಮೆ ಅಳೆಯುವುದು. ನಿಮ್ಮ ಅವ್ವಂದಿರು ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕುವುದನ್ನು ನೋಡಿದ್ದೀರಿ. ಚುಕ್ಕಿಗಳು ಸಾಕಷ್ಟು ಒತ್ತಾಗಿದ್ದರೆ ಬಳ್ಳಿಯ ಬಾಗು ಸರಿಯಾಗಿ ಬರುತ್ತದೆ. ಎಷ್ಟು ಒತ್ತಾಗಿರಬೇಕು? ಅಲೆಯೊಂದು ಒಂದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುವುದೋ ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕು, ಆ ಅಲೆಯನ್ನು ಪೂರ್ಣವಾಗಿ ಮರಳಿ ಕಟ್ಟಬಹುದು. ನೈಕ್ವಿಸ್ಟ್, ಕೊಟೆಲ್ನಿಕೋವ್, ಶಾನನ್ ಮೊದಲಾದವರು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಈ ಸೂತ್ರವನ್ನು ಸ್ಥಾಪಿಸಿದರು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳ ವರೆಗೆ ಕೇಳಿಸುತ್ತದೆ. 1982ರಲ್ಲಿ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಬಾರಿ ಅಳೆಯುವ ಕ್ರಮವನ್ನಿಟ್ಟದ್ದು ಇದೇ ಲೆಕ್ಕದಿಂದ. ಸಾಮಾನ್ಯ ಡಿಜಿಟಲ್ ಟೆಲಿಫೋನಿನಲ್ಲಿ 8,000 ಬಾರಿ ಮಾತ್ರ ಅಳೆಯುತ್ತಿದ್ದರು. ಮಾತು ತಿಳಿಯುತ್ತಿತ್ತು, ಹಾಡು ಒಣಗಿದಂತಿರುತ್ತಿತ್ತು.

ಚುಕ್ಕಿ ಸಾಲದಿದ್ದರೆ ಏನಾಗುತ್ತದೆ? ಸಿನಿಮಾದಲ್ಲಿ ಓಡುವ ಟಾಂಗಾದ ಗಾಲಿ ಒಮ್ಮೊಮ್ಮೆ ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೇ? ಸೆಕೆಂಡಿಗೆ 24 ಚಿತ್ರಗಳು ಆ ಗಾಲಿಯ ವೇಗಕ್ಕೆ ಸಾಲದೆ ಕಣ್ಣಿಗೆ ಸುಳ್ಳು ಕಾಣುತ್ತದೆ. ದನಿಯಲ್ಲಿಯೂ ಹಾಗೆಯೇ ಇಲ್ಲದ ಸ್ವರ ಹುಟ್ಟಿಕೊಳ್ಳುತ್ತದೆ. ಅದನ್ನು ತಡೆಯಲು ಪರಿವರ್ತಕದಲ್ಲಿ ಮಿತಿಮೀರಿದ ಕಂಪನಗಳನ್ನು ಮೊದಲೇ ಸೋಸಿ ತೆಗೆಯುವ ಜರಡಿ ಇರುತ್ತದೆ.

ಎರಡನೆಯ ಕೆಲಸ, ಪ್ರತಿ ಅಳತೆಯನ್ನು ಅಂಕೆಯಲ್ಲಿ ಬರೆಯುವುದು. ಇಲ್ಲಿ ನಮ್ಮ ಛಂದಸ್ಸು ನೆರವಿಗೆ ಬರುತ್ತದೆ. ಲಘು, ಗುರು ಎಂಬ ಎರಡೇ ಗುರುತುಗಳಿಂದ ಮೂರಕ್ಷರದ ಗಣಗಳು ಎಷ್ಟಾಗುತ್ತವೆ? ಯ ಮ ತ ರ ಜ ಭ ನ ಸ, ಒಟ್ಟು ಎಂಟು. ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಕಂಪ್ಯೂಟರಿನಲ್ಲಿಯೂ ಸೊನ್ನೆ, ಒಂದು ಎಂಬ ಎರಡೇ ಗುರುತು. ಒಂದೊಂದು ಸ್ಥಾನಕ್ಕೆ ಬಿಟ್ ಎಂದು ಹೆಸರು. 16 ಬಿಟ್ಟಿನಲ್ಲಿ 65,536 ಮೆಟ್ಟಿಲುಗಳು, 24 ಬಿಟ್ಟಿನಲ್ಲಿ 1,67,77,216 ಮೆಟ್ಟಿಲುಗಳು. ಮೆಟ್ಟಿಲು ಹೆಚ್ಚಿದಷ್ಟೂ ಅತಿ ಮೆಲ್ಲನೆಯ ದನಿಗೂ ಅತಿ ಜೋರಿನ ದನಿಗೂ ನಡುವಿನ ಅಂತರವನ್ನು ಹಿಡಿಯಬಹುದು. ಒಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್‌ನಂತೆ 16 ಬಿಟ್ಟಿಗೆ 96 ಡೆಸಿಬೆಲ್ ಆಗುತ್ತದೆ.

ದೊಡ್ಡ ಅಂಕೆಗೆ ಮರುಳಾಗಬೇಕೆ?

ಅಂಗಡಿಯ ಜಾಹೀರಾತುಗಳಲ್ಲಿ ‘24 ಬಿಟ್, 192 ಕಿಲೋಹರ್ಟ್ಸ್’ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಅರಗಿನ ಪ್ಲೇಟಿನ ಸದ್ದಿಗೂ ಹಾಡಿಗೂ ಇರುವ ಅಂತರ ಸುಮಾರು 40 ಡೆಸಿಬೆಲ್, ಒಳ್ಳೆಯ ಎಲ್.ಪಿ.ಯಲ್ಲಿ 60ರಿಂದ 70. ಅಂದರೆ 16 ಬಿಟ್ಟಿನ ಕೊಡದಲ್ಲಿ ಈ ನೀರೆಲ್ಲ ಹಿಡಿದು ಇನ್ನೂ ಜಾಗ ಉಳಿಯುತ್ತದೆ. ಹಾಡು ಕೇಳುವುದಷ್ಟೇ ಉದ್ದೇಶವಾದರೆ 16 ಬಿಟ್, 44,100 ಅಥವಾ 48,000 ಅಳತೆ ಸಾಕು.

ಹಾಗಾದರೆ 24 ಬಿಟ್ ಏಕೆ? ಕೊಡ ತುಂಬಿ ತುಳುಕಿದರೆ ಮೇಲಿನ ನೀರು ಚೆಲ್ಲುತ್ತದೆ. ದನಿಯೂ ಯಂತ್ರದ ಮಿತಿ ಮೀರಿದರೆ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ. ಅದನ್ನು ಮರಳಿ ತರಲು ಸಾಧ್ಯವಿಲ್ಲ. ಪ್ಲೇಟಿನಲ್ಲಿ ಎಲ್ಲಿ ದನಿ ಏರುವುದೋ ಮೊದಲೇ ತಿಳಿಯದು. 24 ಬಿಟ್ ಇದ್ದರೆ ಮಟ್ಟವನ್ನು ಧಾರಾಳವಾಗಿ ತಗ್ಗಿಸಿ, ಮೇಲೆ ಸಾಕಷ್ಟು ಖಾಲಿ ಬಿಟ್ಟು, ನಿಶ್ಚಿಂತೆಯಿಂದ ಮುದ್ರಿಸಬಹುದು. ದನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವೂ ಸಂರಕ್ಷಣೆಗಾಗಿ ಮುದ್ರಿಸುವಾಗ 24 ಬಿಟ್, ಕನಿಷ್ಠ 48,000 ಅಳತೆ ಇರಲೆಂದು ಸಲಹೆ ಮಾಡಿದೆ. ಬಹಳ ಸಂಗ್ರಹಾಲಯಗಳು 96,000ವನ್ನು ಬಳಸುತ್ತವೆ. ಗೀರುಗಳ ಚಟ್ ಚಟ್ ಸದ್ದು ಅತಿ ಕಡಿಮೆ ಕಾಲದ್ದಾದುದರಿಂದ, ಚುಕ್ಕಿಗಳು ಒತ್ತಾಗಿದ್ದರೆ ಕಂಪ್ಯೂಟರು ಅದನ್ನು ಹಾಡಿನಿಂದ ಬೇರೆಯಾಗಿ ಗುರುತಿಸಿ ತೆಗೆಯಲು ಅನುಕೂಲ. 192 ಎಂಬುದು ನಮ್ಮ ಕೆಲಸಕ್ಕೆ ಬೇಕಿಲ್ಲ.

ಮರೆತುಹೋಗುವ ಮುಖ್ಯ ಪ್ರಶ್ನೆ

ಬಿಟ್ಟು, ಅಳತೆ ಎಂದು ನಾವು ಚರ್ಚಿಸುತ್ತಿರುವಾಗ ವಿದ್ಯಾರ್ಥಿನಿಯೊಬ್ಬಳು, “ಸರ್, ಪ್ಲೇಯರಿನಿಂದ ಬರೋ ಕರೆಂಟು ಎಷ್ಟು?” ಎಂದು ಕೇಳಿದಳು. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ನಮ್ಮ ಮೊದಲ ಮುದ್ರಣ ಕೆಟ್ಟದ್ದು ಬಿಟ್ಟಿನಿಂದಲ್ಲ, ಈ ಪ್ರಶ್ನೆಯನ್ನು ಕೇಳದೆ ಇದ್ದುದರಿಂದ. ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ವೋಲ್ಟಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ವಿದ್ಯುತ್ತು ಸಾಕು. ನಾವು ಸ್ಪೀಕರಿಗೆ ಹೋಗುವ, ಅದಕ್ಕಿಂತ ನೂರಾರು ಪಟ್ಟು ಹೆಚ್ಚಿನ ವಿದ್ಯುತ್ತನ್ನು ಅದರಲ್ಲಿ ಹಾಯಿಸಿದ್ದೆವು. ಮೇಲಾಗಿ ಮಾತಿಗಾಗಿ ಮಾಡಿದ ಆ ಕಿಂಡಿ ಮೆಲ್ಲನೆಯ ದನಿಯನ್ನು ತಾನಾಗಿಯೇ ಏರಿಸುತ್ತದೆ. ಅದರಿಂದಲೇ ಗೊರಗೊರ.

ಕಾರ್ಟ್ರಿಜ್‌ನಲ್ಲಿ ಎರಡು ಮುಖ್ಯ ಜಾತಿಗಳಿವೆ.

ಒಂದು, ಅಯಸ್ಕಾಂತದ್ದು. ಈಗಿನ ಬಹುಪಾಲು ಟರ್ನ್‌ಟೇಬಲ್‌ಗಳಲ್ಲಿ ಇರುವುದು ಇದೇ. ಇದರಿಂದ ಬರುವುದು ಸುಮಾರು 5 ಮಿಲಿವೋಲ್ಟ್ ಮಾತ್ರ. ಇದನ್ನು ಹಿಗ್ಗಿಸಬೇಕು. ಅಷ್ಟೇ ಅಲ್ಲ, ಸರಿಪಡಿಸಲೂಬೇಕು. ಮಂದ್ರದ ದನಿ ಗೆರೆಯನ್ನು ಬಹಳ ಅಗಲವಾಗಿ ಬಳುಕಿಸುವುದರಿಂದ ಪ್ಲೇಟು ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ತಾರವನ್ನು ಏರಿಸಿರುತ್ತಾರೆ. ನುಡಿಸುವಾಗ ಇದನ್ನು ತಿರುಗುಮುರುಗು ಮಾಡಬೇಕು. 1954ರಿಂದ ಇದಕ್ಕೆ ಆರ್.ಐ.ಎ.ಎ. ಎಂಬ ಒಂದೇ ಅಳತೆ ಬಳಕೆಗೆ ಬಂದಿತು. ಅದಕ್ಕೆ ಹಿಂದಿನ ಪ್ಲೇಟುಗಳಲ್ಲಿ ಒಂದೊಂದು ಕಂಪನಿಯದು ಒಂದೊಂದು ಅಳತೆ. ಹಿಗ್ಗಿಸಿ ಸರಿಪಡಿಸುವ ಈ ಭಾಗಕ್ಕೆ ಫೋನೋ ಪ್ರಿಆಂಪ್ ಎನ್ನುತ್ತಾರೆ. ಇದಿಲ್ಲದೆ ನೇರವಾಗಿ ಮುದ್ರಿಸಿದರೆ ಹಾಡು ತಗಡು ಬಡಿದಂತೆ ಕೇಳಿಸುತ್ತದೆ.

ಇನ್ನೊಂದು, ಸೆರಾಮಿಕ್ ಜಾತಿ. ನಮ್ಮ ದೇಶದಲ್ಲಿ ಆ ಕಾಲಕ್ಕೆ ಮನೆಮಾತಾಗಿದ್ದ ಸೂಟ್‌ಕೇಸ್ ಪ್ಲೇಯರುಗಳಲ್ಲಿ ಹೆಚ್ಚಾಗಿ ಇದ್ದದ್ದು ಇದು. ಇದರ ವಿದ್ಯುತ್ತು ನೂರಾರು ಮಿಲಿವೋಲ್ಟ್. ಸರಿಪಡಿಸುವ ಕೆಲಸವೂ ಬಹುಮಟ್ಟಿಗೆ ಅದರ ಸ್ವಭಾವದಿಂದಲೇ ಆಗುತ್ತದೆ. ಆದರೆ ಅದು ಬಡವನ ಬಾವಿಯಿದ್ದಂತೆ, ಒರತೆ ಸಣ್ಣದು. ದೊಡ್ಡ ಪಂಪು ಹಚ್ಚಿದರೆ ನೀರು ಬತ್ತುತ್ತದೆ. ಯಂತ್ರದ ಕಿಂಡಿಯ ತಡೆ ಹತ್ತು ಲಕ್ಷ ಓಮ್‌ನಷ್ಟಿದ್ದರೆ ಮಾತ್ರ ಪೂರ್ಣ ದನಿ ಬರುತ್ತದೆ. ಸಾಮಾನ್ಯ ಲೈನ್ ಕಿಂಡಿಯ ತಡೆ ಹತ್ತಾರು ಸಾವಿರ ಓಮ್. ಅದಕ್ಕೆ ಜೋಡಿಸಿದರೆ ಮಂದ್ರವೆಲ್ಲ ಸೋರಿಹೋಗುತ್ತದೆ.

ಮೂರು ಬಗೆಯ ಪರಿವರ್ತಕಗಳು

ಯು.ಎಸ್.ಬಿ. ತಂತಿಯಿಂದ ಕಂಪ್ಯೂಟರಿಗೆ ಜೋಡಿಸುವ ಪರಿವರ್ತಕಗಳನ್ನು ನಾವು ಹೀಗೆ ವಿಂಗಡಿಸಿಕೊಂಡೆವು.

(1) ಲೈನ್ ಕಿಂಡಿ ಮಾತ್ರ ಇರುವವು. ಉದಾಹರಣೆಗೆ ಬೆಹ್ರಿಂಗರ್ ಕಂಪನಿಯ ಯು.ಸಿ.ಎ. 222. ಇದು 16 ಬಿಟ್ಟಿನ, 48,000 ಅಳತೆಯ ವರೆಗಿನ ಸಣ್ಣ ಡಬ್ಬಿ. ಟರ್ನ್‌ಟೇಬಲ್ಲಿನಲ್ಲಿಯೇ ಪ್ರಿಆಂಪ್ ಇದ್ದರೆ, ಅಥವಾ ಟೇಪ್ ರೆಕಾರ್ಡರಿನಿಂದ ಮುದ್ರಿಸುವುದಿದ್ದರೆ ಇದು ಒಪ್ಪುತ್ತದೆ.

(2) ಫೋನೋ ಪ್ರಿಆಂಪ್ ಒಳಗೇ ಇರುವವು. ಅದೇ ಕಂಪನಿಯ ಯು.ಎಫ್.ಒ. 202 ಇಂಥದು. ಅಯಸ್ಕಾಂತದ ಕಾರ್ಟ್ರಿಜ್ ಇರುವವರಿಗೆ ಇದು ನೇರವಾದ ದಾರಿ. ಅರ್ಥಿಂಗ್ ತಂತಿ ಕಟ್ಟಲು ತಿರುಪೂ ಇರುತ್ತದೆ. ಆ ತಂತಿ ಕಟ್ಟದಿದ್ದರೆ ಹಾಡಿನ ಜೊತೆಗೆ ‘ಗುಂಯ್’ ಎಂಬ 50 ಹರ್ಟ್ಸಿನ ವಿದ್ಯುತ್ ಸದ್ದೂ ಮುದ್ರಣವಾಗುತ್ತದೆ.

(3) ಸಂಗೀತಗಾರರ ಆಡಿಯೋ ಇಂಟರ್‌ಫೇಸ್. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2, ಬೆಹ್ರಿಂಗರ್ ಯು.ಎಂ.ಸಿ. 202 ಎಚ್.ಡಿ. ಈ ಗುಂಪಿಗೆ ಸೇರಿದವು. ಇವು 24 ಬಿಟ್ಟಿನವು. ದನಿಯ ಮಟ್ಟವನ್ನು ಏರಿಳಿಸುವ ಗುಂಡಿಗಳಿವೆ. ಗಿಟಾರಿಗೆಂದು ಇಟ್ಟ ‘ಇನ್ಸ್‌ಟ್ರುಮೆಂಟ್’ ಕಿಂಡಿಗಳ ತಡೆ ಹತ್ತು ಲಕ್ಷ ಓಮ್ ಆಸುಪಾಸಿನದು. ಬೆಲೆ ಹೆಚ್ಚು.

ನಮ್ಮ ಮೊದಲ ಆಲೋಚನೆ ಎರಡನೆಯ ಬಗೆಯದನ್ನು ಕೊಳ್ಳುವುದಾಗಿತ್ತು. ಅದರ ಡಬ್ಬದ ಮೇಲೆ ಟರ್ನ್‌ಟೇಬಲ್ಲಿನ ಹೆಸರೇ ಇದೆಯಲ್ಲ! ಆದರೆ ಮುತ್ಯಾರ ಪ್ಲೇಯರಿನಲ್ಲಿ ಇದ್ದದ್ದು ಸೆರಾಮಿಕ್ ಕಾರ್ಟ್ರಿಜ್. ಅದರ ವಿದ್ಯುತ್ತು ಫೋನೋ ಕಿಂಡಿಗೆ ವಿಪರೀತವಾಗಿ, ಮತ್ತೆ ಅಲೆಯ ನೆತ್ತಿ ಕತ್ತರಿಸುತ್ತಿತ್ತು. ಗಿಟಾರಿಗೆಂದು ಮಾಡಿದ ಕಿಂಡಿಯೇ ನಮ್ಮ ನಾಟಕದ ಹಾಡಿಗೆ ಸರಿಹೊಂದಿತು. ವಸ್ತುವಿನ ಹೆಸರನ್ನು ನೋಡದೆ ಗುಣವನ್ನು ನೋಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಪಾಲಕರ ಸಭೆಯಲ್ಲಿ ಕೂಡಿದ ಹಣದಿಂದ, ಹೈದರಾಬಾದಿನ ಕೋಠಿಗೆ ಹೋಗಿ ಮೂರನೆಯ ಬಗೆಯ, ಎರಡು ಕಿಂಡಿಯ ಒಂದು ಪರಿವರ್ತಕವನ್ನು ತಂದೆವು.

ಒಂದು ಎಚ್ಚರಿಕೆ. ಕಾರ್ಟ್ರಿಜ್‌ನಿಂದ ತಂತಿ ಹೊರತೆಗೆಯುವ ಕೆಲಸವನ್ನು ನಾವು ಮಾಡಲಿಲ್ಲ. ಊರಿನ ಟಿ.ವಿ. ರಿಪೇರಿಯವರ ಕೈಯಲ್ಲಿ ಮಾಡಿಸಿದೆವು. ಕೆಲವು ಹಳೆಯ ಪ್ಲೇಯರುಗಳಲ್ಲಿ ಒಳಗಿನ ಲೋಹದ ಚೌಕಟ್ಟಿಗೇ 230 ವೋಲ್ಟ್ ತಗುಲಿರುವುದುಂಟು. ಅದನ್ನು ಮುಟ್ಟಿದರೆ ಪ್ರಾಣಾಪಾಯ, ಕಂಪ್ಯೂಟರಿಗೆ ಜೋಡಿಸಿದರೆ ಅದೂ ಸುಡುತ್ತದೆ. ಮಕ್ಕಳು ಎಂದಿಗೂ ಪೆಟ್ಟಿಗೆ ಬಿಚ್ಚಬಾರದು.

ಮುದ್ರಿಸಿದ ಕ್ರಮ

ಪ್ಲೇಟುಗಳನ್ನು ಮೊದಲು ಮೆತ್ತನೆಯ ಕುಂಚದಿಂದ ಝಾಡಿಸಿದೆವು. ಬಹಳ ಕೊಳೆಯಾದವನ್ನು ಸಾಬೂನಿನ ಒಂದು ಹನಿ ಬೆರೆಸಿದ ನೀರಿನಿಂದ, ಲೇಬಲ್ಲು ತೋಯದಂತೆ ಒರೆಸಿ ಒಣಗಿಸಿದೆವು. ಅರಗಿನ ಪ್ಲೇಟಿಗೆ ಸ್ಪಿರಿಟ್ ಹಚ್ಚಬಾರದು, ಅರಗು ಕರಗುತ್ತದೆ.

‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶದಲ್ಲಿ 24 ಬಿಟ್, 96,000 ಎಂದು ಗೊತ್ತುಮಾಡಿದೆವು. ಜೋರಾದ ಭಾಗದಲ್ಲಿಯೂ ಮೀಟರು ಮೇಲಿನ ಅಂಚಿಗಿಂತ 10–12 ಡೆಸಿಬೆಲ್ ಕೆಳಗೇ ನಿಲ್ಲುವಂತೆ ಗುಂಡಿ ತಿರುಗಿಸಿದೆವು. ಹಾಡು ಒಂದೇ ದನಿಯದಾದರೂ ಎರಡೂ ಕಿಂಡಿಗಳಲ್ಲಿ ಮುದ್ರಿಸಿದೆವು. ಗೆರೆಯ ಎರಡು ದಡಗಳಲ್ಲಿ ಒಂದು ಹೆಚ್ಚು ಸವೆದಿದ್ದರೆ ಇನ್ನೊಂದನ್ನು ಆಯ್ದುಕೊಳ್ಳಬಹುದಷ್ಟೆ. ಪ್ರತಿ ಮಗ್ಗುಲನ್ನೂ ಮುದ್ರಿಸಿದೊಡನೆ ಒಳ್ಳೆಯ ಹೆಡ್‌ಫೋನಿನಲ್ಲಿ ಪೂರ್ತಿ ಕೇಳಿ, ಸರಿಯಿದೆಯೆಂದು ಇಬ್ಬರು ಒಪ್ಪಿದ ಮೇಲೆಯೇ ಪ್ಲೇಟನ್ನು ಕೆಳಗಿಳಿಸಿದೆವು. ಈ ಒಂದು ನಿಯಮ ಮೊದಲೇ ಇದ್ದಿದ್ದರೆ!

ಮೂಲ ಮುದ್ರಣವನ್ನು ಹಾಗೆಯೇ ಇಟ್ಟು, ಅದರ ನಕಲಿನಲ್ಲಿ ಮಾತ್ರ ಗೀರಿನ ಸದ್ದು ತೆಗೆದೆವು. ಲೇಬಲ್ಲಿನ ಚಿತ್ರ, ಪ್ಲೇಟಿನ ಸಂಖ್ಯೆ, ಯಾರ ಮನೆಯದು, ಯಾವ ದಿನ ಮುದ್ರಿಸಿದ್ದು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದೆವು. ಹೆಸರಿಲ್ಲದ ಹಾಡು ವಿಳಾಸವಿಲ್ಲದ ಪತ್ರದಂತೆ. ಒಂದು ಪ್ರತಿ ಶಾಲೆಯಲ್ಲಿ, ಒಂದು ಮುತ್ಯಾರ ಮನೆಯಲ್ಲಿ, ಒಂದು ಬೇರೆ ಊರಿನ ಹಳೆಯ ವಿದ್ಯಾರ್ಥಿಯ ಬಳಿ ಇದೆ.

ಒಡೆದ ಪ್ಲೇಟಿನ ಆ ಕರಕರ ಮುದ್ರಣವನ್ನು ಅಳಿಸಿಲ್ಲ. ‘ಇದು ತಪ್ಪಾಗಿ ಮುದ್ರಿಸಿದ್ದು, ಮೂಲ ಒಡೆದಿದೆ’ ಎಂದು ಬರೆದು ಇಟ್ಟಿದ್ದೇವೆ. ಇಪ್ಪತ್ತೆರಡು ಪ್ಲೇಟುಗಳನ್ನು ಕೇಳಿ ಮುಗಿಸಿದ ದಿನ ಮುತ್ಯಾ ಅದನ್ನೂ ಹಾಕಲು ಹೇಳಿದರು. ಹಾಕಿದೆವು. ದನಿ ಮುರಿಯುವ ಕಡೆಗಳಲ್ಲೆಲ್ಲ ಅವರು ತಾವೇ ಮೆಲ್ಲಗೆ ಹಾಡಿ ತುಂಬಿದರು. ಆಗ ಹುಡುಗರಿಗೆ ಹೊಳೆಯಿತು, ಅವರು ಹಾಡುತ್ತಿದ್ದದ್ದನ್ನೂ ಮುದ್ರಿಸಿಕೊಳ್ಳಬೇಕೆಂದು. ಪರಿವರ್ತಕದ ಅದೇ ಕಿಂಡಿಯ ಪಕ್ಕದಲ್ಲಿ ಮೈಕಿಗೂ ಜಾಗವಿತ್ತು. ಹಾಗೆ ಇಪ್ಪತ್ತಮೂರನೆಯ ಹಾಡು ಮುತ್ಯಾರ ಕಂಠದಲ್ಲಿ ನಮ್ಮಲ್ಲಿ ಉಳಿದಿದೆ.

ತಂದೆ-ತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೆ. ನಿಮ್ಮ ಅಟ್ಟದಲ್ಲಿ ಪ್ಲೇಟುಗಳಿದ್ದರೆ ಅವನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನಿಲ್ಲಿಸಿ ಇಡಿರಿ. ಬಿಸಿಲಿಗೆ ಒಡ್ಡಬೇಡಿರಿ. ಗುಜರಿಗೆ ಹಾಕುವ ಮೊದಲು ಒಮ್ಮೆ ಶಾಲೆಗೆ ತಿಳಿಸಿರಿ. ತರುವಾಗ ಬಸ್ಸಿನಲ್ಲಿ ತರಬೇಡಿರಿ, ಪರಿವರ್ತಕವನ್ನು ಹೊತ್ತುಕೊಂಡು ನಾವೇ ನಿಮ್ಮ ಮನೆಗೆ ಬರುತ್ತೇವೆ.

ಅಭ್ಯಾಸ

1. ನಾಲ್ಕಕ್ಷರಗಳ ಸಾಲಿನಲ್ಲಿ ಲಘು-ಗುರುಗಳನ್ನು ಎಷ್ಟು ಬಗೆಯಾಗಿ ಇಡಬಹುದು? ಪ್ರಸ್ತಾರ ಹಾಕಿ ತೋರಿಸಿರಿ.

2. ಸೆಕೆಂಡಿಗೆ 96,000 ಅಳತೆ, ಒಂದು ಅಳತೆಗೆ 24 ಬಿಟ್, ಅಂದರೆ 3 ಬೈಟ್, ಎರಡು ಕಿಂಡಿಗಳು. ಒಂದು ನಿಮಿಷದ ಹಾಡಿಗೆ ಎಷ್ಟು ಬೈಟ್ ಬೇಕು? ತಲಾ ಮೂರು ನಿಮಿಷದ ಎರಡು ಮಗ್ಗುಲಿನಂತೆ 22 ಪ್ಲೇಟುಗಳಿಗೆ ಎಷ್ಟು? (ಉತ್ತರ: ನಿಮಿಷಕ್ಕೆ 3,45,60,000 ಬೈಟ್. ಒಟ್ಟು ಸುಮಾರು 4.6 ಗಿಗಾಬೈಟ್.)

3. ಅದನ್ನೇ ಸಿ.ಡಿ.ಯ ಅಳತೆಯಲ್ಲಿ ಮುದ್ರಿಸಿದ್ದರೆ ಎಷ್ಟು ಜಾಗ ಸಾಕಾಗುತ್ತಿತ್ತು?

4. ನಿಮ್ಮ ಮನೆಯಲ್ಲಿ ಹಿರಿಯರು ಹಾಡುವ, ಎಲ್ಲಿಯೂ ಮುದ್ರಣವಾಗದ ಒಂದು ಹಾಡಿನ ಹೆಸರನ್ನು ಬರೆದು ತನ್ನಿರಿ. ಈ ಪ್ರಶ್ನೆಗೆ ಅಂಕಗಳಿಲ್ಲ, ಆದರೆ ಇದನ್ನು ಯಾರೂ ಬಿಡಬಾರದು.